ಇಬ್ಬರು ಅಳೆದ ಬಾಗಿಲು

ಮಳೆ ಹಿಂದೆ ಸರಿದು ಚಳಿಗಾಳಿ ಏಳುವುದರೊಳಗೆ ಒಣಹುಲ್ಲೆಲ್ಲ ಅಟ್ಟ ಸೇರಬೇಕು. ಮಗಳು ಬೆಳಗಿನಿಂದ ಹುಲ್ಲು ಕಟ್ಟಿ ಮೇಲಕ್ಕೆ ಎಸೆಯುತ್ತಿದ್ದಳು. ಲಾಯದಲ್ಲಿ ದಿನ ತುಂಬಿದ ಕುದುರೆ ಉದುರಿದ್ದನ್ನು ಹೆಕ್ಕಿ ತಿನ್ನುತ್ತಿತ್ತು. ಹೋದ ವರ್ಷ ಇದೇ ಕಾಲದಲ್ಲಿ ಗಾಳಿ ಲಾಯದ ಬಾಗಿಲನ್ನು ತಿರುಗಣಿ ಸಮೇತ ಕಿತ್ತು ಅಂಗಳಕ್ಕೆ ಎಸೆದಿತ್ತು. ಆಗತಾನೆ ಹುಟ್ಟಿದ ಮರಿ ಚಳಿಗೆ ಸೆಟೆದು ಸತ್ತಿತ್ತು.

"ಈ ಸಲ ಬಾಗಿಲು ನಿಲ್ಲದಿದ್ರೆ ಕುದುರೇನ ಚಿಕ್ಕಪ್ಪನ ಮನೆಗೆ ಹೊಡ್ಕೊಂಡು ಹೋಗ್ತೀನಿ," ಎಂದಿದ್ದಳು ಮಗಳು.

ಚಿಕ್ಕಪ್ಪನ ಮನೆಯಲ್ಲಿ ಭದ್ರವಾದ ಲಾಯವಿತ್ತು. ಅದನ್ನು ಹೇಳಿಕೊಳ್ಳಲು ಚಿಕ್ಕಪ್ಪನೂ ಇದ್ದ.

ಮಗಳ ಅಪ್ಪ ಲಾಳ ಕಟ್ಟುವವರು, ಗಂಡ ಕಪಾಟು ಮಾಡುವ ಬಡಗಿ. ಕಬ್ಬಿಣವೂ ಮರವೂ ಮನೆಯಲ್ಲೇ ಇರುವಾಗ ಹೊರಗಿನವರೇಕೆ ಎಂದು ಮಾವ ಅಳಿಯ ಇಬ್ಬರೂ ಒಪ್ಪಿದರು. ಅವರು ಒಪ್ಪಿದ ಕೊನೆಯ ಮಾತು ಅದು. ಗಾಳಿಗೆ ಬಡಿಯದ ಹಾಗೆ ಗೋಡೆಗೊತ್ತಿ ಪಕ್ಕಕ್ಕೆ ಸರಿಯುವ ಬಾಗಿಲು: ಮೇಲೊಂದು ಕಬ್ಬಿಣದ ಹಳಿ, ಹಳಿಯ ಮೇಲೆ ಗಾಲಿ, ಗಾಲಿಯಿಂದ ತೂಗುವ ಹಲಗೆ. ಹಳಿ, ಗಾಲಿ ಮಾವನ ಪಾಲಿಗೆ. ಹಲಗೆ ಅಳಿಯನ ಪಾಲಿಗೆ. ಅಳತೆಯನ್ನು ಇದ್ದಿಲಿನಿಂದ ಗೋಡೆಯ ಮೇಲೆ ಗೆರೆ ಎಳೆದು ಗುರುತು ಮಾಡಿದರು, ಇಬ್ಬರೂ ತಲೆಯಾಡಿಸಿದರು, ತಮ್ಮ ತಮ್ಮ ಕೆಲಸಕ್ಕೆ ಹೋದರು.

ಬಾಗಿಲು ತಂದು ನಿಲ್ಲಿಸಿದಾಗ ಗಾಲಿ ಹಳಿಯನ್ನು ಮುಟ್ಟಲೇ ಇಲ್ಲ. ನಾಲ್ಕು ಬೆರಳು ಮೇಲೆ ನಿಂತು ಸುಮ್ಮನೆ ತಿರುಗಿತು. ಬಾಗಿಲು ನೆಲದ ಮೇಲೆ ಸ್ವಂತ ಕಾಲಲ್ಲಿ ನಿಂತಿತ್ತು.

"ಅಳಿಯಂದಿರು ಬಾಗಿಲಿಗೆ ಚೆನ್ನಾಗಿ ಗೊಬ್ಬರ ಹಾಕಿದ್ದಾರೆ," ಅಂದರು ಮಾವ.

"ಬಾಗಿಲು ಸರಿಯಾಗೇ ಇದೆ ಮಾವ. ನಿಮ್ಮ ಹಳಿಯೇ ಸುಸ್ತಾಗಿ ಕೂತಿದೆ."

"ಯಾರಾದ್ರೂ ಕೂತ್ಕೊಳ್ಳಿ, ಯಾರಾದ್ರೂ ಏಳಿ, ನಂಗೆ ಬಾಗಿಲು ಬೇಕು," ಎಂದು ಅಟ್ಟದಿಂದ ಮಗಳು ಕೂಗಿದಳು.

ಅಳಿಯ ಬಾಗಿಲನ್ನು ಗಾಡಿಗೆ ಹೇರಿಕೊಂಡು ಹೋದ. ಮಾವ ತಾವು ಹೊಡೆದ ಮೊಳೆ ಕೀಳುವವರಲ್ಲ ಎಂದು ಅವನಿಗೆ ಗೊತ್ತಿತ್ತು. ಹಲ್ಲು ಕಚ್ಚಿಕೊಂಡು ಕೆಳಗಿನಿಂದ ನಾಲ್ಕು ಬೆರಳು ಕೊಯ್ದ. ಅಳಿಯ ತಾನು ಉಜ್ಜಿ ನುಣುಪು ಮಾಡಿದ ಅಂಚಿಗೆ ಗರಗಸ ಹಾಕುವವನಲ್ಲ ಎಂದು ಮಾವನಿಗೂ ಗೊತ್ತಿತ್ತು. ಏಣಿ ಹತ್ತಿ ತೊಲೆಗೆ ಹೊಸ ತೂತು ಕೊರೆದು ಹಳಿಯನ್ನು ನಾಲ್ಕು ಬೆರಳು ಏರಿಸಿದರು. ಇಬ್ಬರೂ ಬಾಯಿ ಬಿಡಲಿಲ್ಲ. ಸೋತದ್ದನ್ನು ಯಾರು ಸಾರಿಕೊಂಡು ತಿರುಗುತ್ತಾರೆ?

ಮಾರನೆಯ ಮಧ್ಯಾಹ್ನ ಬಾಗಿಲು ಹಳಿಗೆ ಕೂತಿತು. ಮಗಳು ಒಂದೇ ಬೆರಳಲ್ಲಿ ತಳ್ಳಿದಳು. ಸದ್ದಿಲ್ಲದೆ ಸರಿದು ಮುಚ್ಚಿಕೊಂಡಿತು. ಮುಚ್ಚಿದ ಬಾಗಿಲಿನ ಕೆಳಗಿನಿಂದ ಬೆಕ್ಕು ಮೈ ತಗ್ಗಿಸಿ ಒಳಗೆ ಹೋಯಿತು.

ಮೂವರೂ ಬೆಕ್ಕು ಹೋದ ಜಾಗವನ್ನೇ ನೋಡಿದರು. ಅಷ್ಟರಲ್ಲಿ ಗಾಳಿ ಎದ್ದಿತು. ಒಳಗೆ ಕುದುರೆ ಬೆವರಿ, ಎರಡು ಸುತ್ತು ತಿರುಗಿ ಮಲಗಿಬಿಟ್ಟಿತು. ಚಿಕ್ಕಪ್ಪನ ಮನೆಗೆ ಹೊಡೆದುಕೊಂಡು ಹೋಗುವ ಕಾಲ ಮೀರಿತ್ತು. ಮರಿ ಬೀಳುವುದು ನೆಲಕ್ಕೆ, ಗಾಳಿ ನುಗ್ಗುತ್ತಿದ್ದುದೂ ಅಲ್ಲಿಗೇ. ಮಗಳು ಗೋಣಿಚೀಲಗಳನ್ನು ತಂದು ಸಂದಿಗೆ ತುರುಕಿದಳು. ಗಾಳಿ ಅವನ್ನು ಒಳಕ್ಕೆ ಎಸೆಯಿತು.

"ಅಪ್ಪ, ಈ ಚೀಲದ ಮೇಲೆ ಕೂತ್ಕೋ. ರೀ, ನೀವೂ ಕೂತ್ಕೊಳ್ಳಿ," ಎಂದು ಹೇಳಿ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಇಬ್ಬರೂ ಹೊರಗೆ, ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ದಾರಿಯಲ್ಲಿ ಹೋಗುತ್ತಿದ್ದ ಚಿಕ್ಕಪ್ಪ ನಿಂತ.

"ಏನಣ್ಣ, ಮಾವ ಅಳಿಯ ಇಲ್ಲಿ ಕೂತಿದ್ದೀರಿ?"

"ಬಾಗಿಲು ಹಾಕ್ತಾ ಇದ್ದೀವಿ," ಅಂದರು ಮಾವ.

ಚಿಕ್ಕಪ್ಪ ಹೋದ ಮೇಲೆ ಮಾವ ಚೀಲವನ್ನು ಸಂದಿಗೆ ಇನ್ನಷ್ಟು ಒತ್ತಿ ಕೂತರು.

"ಮೊದಲನೇ ಸಲ ಹಳೀನ ಗೆರೆಗಿಂತ ಎರಡು ಬೆರಳು ಕೆಳಗೆ ಹೊಡೆದಿದ್ದೆ," ಅಂದರು ಮಾವ. "ನೀವು ಯಾವತ್ತೂ ಗಿಡ್ಡ ಕೊಯ್ತೀರಲ್ಲ, ಅದಕ್ಕೆ."

"ನಾನೂ ಎರಡು ಬೆರಳು ಉದ್ದ ಬಿಟ್ಟಿದ್ದೆ. ನೀವು ಯಾವತ್ತೂ ಎತ್ತರಕ್ಕೆ ಹೊಡೀತೀರಿ ಅಂತ."

ಮಾವ ಯೋಚಿಸಿದರು. "ಅಂದ್ರೆ ಗೆರೆ ಸರಿಯಿತ್ತು."

"ಗೆರೆ ಸರಿಯಾಗೇ ಇತ್ತು."

ಇಬ್ಬರೂ ಸ್ವಲ್ಪ ಹೊತ್ತು ಗೆರೆಯನ್ನು ಹೊಗಳಿದರು.

ಒಳಗೆ ಕುದುರೆ ನರಳಿತು, ಹುಲ್ಲು ಸರಬರ ಎಂದಿತು, ಆಮೇಲೆ ಎಲ್ಲ ಸುಮ್ಮನಾಯಿತು. ಹೋದ ವರ್ಷವೂ ಹೀಗೇ ಸುಮ್ಮನಾಗಿತ್ತು. ಅಳಿಯ ಬೆನ್ನನ್ನು ಇನ್ನಷ್ಟು ಒತ್ತಿದ. ಕೊನೆಗೆ ಬಾಗಿಲಿನ ಆಚೆಯಿಂದ ಮಗಳ ದನಿ ಬಂತು.

"ಎದ್ದು ನಿಂತಿದೆ. ಹಾಲು ಹುಡುಕ್ತಾ ಇದೆ."

"ಗಂಡೋ ಹೆಣ್ಣೋ?" ಮಾವ ಏಳಹೋದರು.

"ಹೆಣ್ಣು. ಅಲ್ಲಾಡಬೇಡ, ಕೂತ್ಕೋ."

ಗಾಳಿ ಇಳಿಯುವವರೆಗೂ ಕೂತಿದ್ದರು. ಆಮೇಲೆ ಸಂದಿಗೆ ಒಂದು ಪಟ್ಟಿ ಹೊಡೆಯಲು ಮಗಳೇ ಅಳೆದಳು. ಅಳತೆಯ ದಾರವನ್ನು ಇಬ್ಬರಿಗೂ ಕೊಡಲಿಲ್ಲ. ಪಟ್ಟಿ ಸರಿಯಾಗಿ ಕೂತಿತು.

"ಇಬ್ಬರಲ್ಲಿ ಒಬ್ಬರಾದ್ರೂ ತಪ್ಪಾಯ್ತು ಅನ್ನಿ," ಅಂದಳು.

"ಅಳಿಯಂದಿರು ಹೇಳ್ತಾರೆ," ಅಂದರು ಮಾವ.

"ಹಿರಿಯರು ಇರುವಾಗ ನಾನು ಮುಂದೆ ಬೀಳೋದು ಚೆನ್ನಾಗಿರಲ್ಲ," ಅಂದ ಅಳಿಯ.

ಮರಿ ಈಗ ಲಾಳ ಕಟ್ಟಿಸಿಕೊಳ್ಳುವಷ್ಟು ಬೆಳೆದಿದೆ. ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತಲೇ ಇದ್ದಾರೆ.