ತೊಂಬತ್ತರ ಗೆರೆ

"ಬೆಳಗ್ಗೆಯಿಂದ ಮಗೂನ ಮಲಗೋಕೆ ಬಿಟ್ಟಿಲ್ಲ ತಾನೆ?" ಎಂದು ಕಿವಿ ಪರೀಕ್ಷೆ ಮಾಡುವ ರಾಧಾಮಣಿ ಕೇಳಿದಾಗ ಅತಾವುಲ್ಲಾ ಇಲ್ಲವೆಂದು ತಲೆಯಾಡಿಸಿದ. ಯಶವಂತಪುರದಿಂದ ಹೆಬ್ಬಾಳದ ಈ ಕ್ಲಿನಿಕ್ಕಿನವರೆಗೆ ಆಟೋದಲ್ಲಿ ಅವನೂ ಹೆಂಡತಿ ಕುಲ್ಸುಮಳೂ ಹತ್ತು ತಿಂಗಳ ಆಯೇಷಾಳ ಕೆನ್ನೆಗೆ, ಪರೀಕ್ಷೆಯ ಹೊತ್ತಿಗೇ ಚೆನ್ನಾಗಿ ನಿದ್ದೆ ಬರಲೆಂದು, ಒದ್ದೆ ಕರ್ಚೀಫು ಒತ್ತುತ್ತಲೇ ಬಂದಿದ್ದರು. ಈಗ ಹಾಲು ಕುಡಿದದ್ದೇ ತಡ, ಮಗು ತಾಯಿಯ ಮಡಿಲಲ್ಲಿ ಕೈಕಾಲು ಚೆಲ್ಲಿ ಮಲಗಿಬಿಟ್ಟಿತು.

ರಾಧಾಮಣಿ ಅದರ ಹಣೆಗೂ ಕಿವಿಗಳ ಹಿಂದೆಯೂ ವೈರಿನ ಬಿಲ್ಲೆಗಳನ್ನು ಅಂಟಿಸಿ, ಕಿವಿಯೊಳಗೆ ಪುಟ್ಟ ಇಯರ್‌ಫೋನ್ ಇಟ್ಟರು.

"ನಿದ್ದೇಲಿದ್ರೂ ಮೆದುಳು ಕೇಳಿಸ್ಕೊಳ್ಳುತ್ತೆ. ಟಕ್ ಟಕ್ ಅಂತ ಸದ್ದು ಬಿಡ್ತೀನಿ. ಅದು ಒಳಗೆ ಮುಟ್ಟಿದ್ರೆ ಸ್ಕ್ರೀನ್ ಮೇಲಿರೋ ಈ ಗೆರೆ ಅಲೆ ಥರ ಏಳುತ್ತೆ."

ಗೆರೆ ಏಳಲಿಲ್ಲ. ಸದ್ದನ್ನು ಐವತ್ತು ಡೆಸಿಬೆಲ್ಲಿಗೆ ಏರಿಸಿದರು, ಎಪ್ಪತ್ತಕ್ಕೆ ಏರಿಸಿದರು. ಸಣ್ಣಗೆ ನಡುಗಿತೇ ಹೊರತು ಅಲೆಯಾಗಲಿಲ್ಲ. ಅತಾವುಲ್ಲಾನದು ಟಿಂಕರಿಂಗ್ ಅಂಗಡಿ. ಕಾರಿನ ಬಾಗಿಲನ್ನು ಸುತ್ತಿಗೆಯಿಂದ ಬಡಿಯುವಾಗಲೂ ಪಕ್ಕದಲ್ಲೇ ನಿದ್ದೆ ಹೊಡೆಯುತ್ತಿದ್ದ ಮಗಳನ್ನು, ಗಟ್ಟಿ ಹುಡುಗಿ ಎಂದು ಬಂದ ಗಿರಾಕಿಗಳಿಗೆಲ್ಲ ತೋರಿಸಿದ್ದ.

"ಇನ್ನೂ ಸ್ವಲ್ಪ ಜಾಸ್ತಿ ಮಾಡಿ ಮೇಡಂ."

"ತೊಂಬತ್ತಕ್ಕೆ ಬಂದಿದೀನಿ. ಇದರ ಮೇಲೆ ಈ ಮಷೀನು ಹೋಗಲ್ಲ."

"ಕೆಟ್ಟೋಗಿರ್ಬೋದು. ನಂಗೊಂದ್ಸಲ ಕೇಳಿಸಿ."

ರಾಧಾಮಣಿ ಇಯರ್‌ಫೋನನ್ನು ಅವನ ಕಿವಿಗಿಟ್ಟು ಗುಂಡಿ ಒತ್ತಿದರು. ಅತಾವುಲ್ಲಾ ಬೆಚ್ಚಿಬಿದ್ದು ಅದನ್ನು ಕಿತ್ತು ತೆಗೆದ. ಸದ್ದು ಬಂತಾ ಎಂದು ಕುಲ್ಸುಮ್ ಮನೆಮಾತಿನಲ್ಲಿ ಕೇಳಿದಳು. ಅವನು ಅವಳತ್ತ ನೋಡಲಿಲ್ಲ.

ಇನ್ನೊಂದು ಕಿವಿಯದೂ ಅದೇ ಆಯಿತು.

"ಮುಂದಿನ ವಾರ ಮತ್ತೊಂದ್ಸಲ ಮಾಡೋಣ. ಡಾಕ್ಟ್ರೂ ನೋಡ್ಲಿ. ಆಮೇಲೆ ಕಿವಿ ಮಷೀನು ಹಾಕಿ ನೋಡ್ಬೋದು," ಎಂದರು ರಾಧಾಮಣಿ.

"ನಾನು ಕರೆದ್ರೆ ನಗ್ತಾಳಲ್ಲ ಮೇಡಂ?" ಕುಲ್ಸುಮ್ ಕೇಳಿದಳು.

ರಾಧಾಮಣಿ ಬಿಲ್ಲೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. "ನಿಮ್ಮ ಮುಖ ನೋಡಿ ನಗ್ತಾಳಮ್ಮ."

ಕುಲ್ಸುಮ್ ಮಗುವಿನ ಹಣೆಯಲ್ಲುಳಿದ ಅಂಟನ್ನು ಸೆರಗಿನಿಂದ ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು. ಅತಾವುಲ್ಲಾ ಅವಳ ಕೈ ಹಿಡಿದು ನಿಲ್ಲಿಸಿ, ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡ.

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಫ್ಲೈಓವರಿನ ಕೆಳಗೆ ಇಬ್ಬರೂ ಆಟೋಗೆ ಕಾಯುತ್ತ ನಿಂತಾಗ ಲಾರಿಯೊಂದು ಪಕ್ಕದಲ್ಲೇ ಉದ್ದಕ್ಕೆ ಹಾರ್ನ್ ಹೊಡೆಯಿತು. ಅತಾವುಲ್ಲಾ ಥಟ್ಟನೆ ಅಂಗೈಯಿಂದ ಮಗಳ ಕಿವಿ ಮುಚ್ಚಿದ. ಲಾರಿ ದೂರ ಹೋದ ಮೇಲೂ ಕೈ ತೆಗೆಯಲಿಲ್ಲ.