ಹಸಿರಾದ ಪರೀಕ್ಷೆ

ಹಾಲಿನವಳ ಎದುರಿಗೇ ಹಾಲು ಮೂಸಿ ನೋಡುವವಳು ನಾನು. ಹೀಗಾಗಿ ನಿನ್ನೆ ಸಂಜೆ ಕೆಂಪಗಿದ್ದ ಪರೀಕ್ಷೆ ಬೆಳಿಗ್ಗೆ ಬರುವಷ್ಟರಲ್ಲಿ ಹಸಿರಾಗಿದ್ದನ್ನು ಸುಮ್ಮನೆ ಹೇಗೆ ನಂಬಲಿ?

ಹೊಸಪೇಟೆ ಸ್ಟೇಷನ್ ರೋಡಿನ ನಮ್ಮ ಪುಟ್ಟ ಆಫೀಸಿನಲ್ಲಿ ಸಂಡೂರಿನ ಒಂದು ಗಣಿಯ ತೂಕದ ಕಾಟಾಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ತುಂಬಿದ ಲಾರಿಯ ತೂಕದಲ್ಲಿ ಖಾಲಿ ಲಾರಿಯದನ್ನು ಕಳೆದು ಅದಿರಿನ ತೂಕ ಹೇಳುವುದು ಅದರ ಕೆಲಸ. ಅದು ಸರಿ ಹೇಳುತ್ತದೋ ಇಲ್ಲವೋ ನೋಡಲು ಸಣ್ಣ ಸಣ್ಣ ಪರೀಕ್ಷೆಗಳನ್ನು ಬರೆದಿಟ್ಟಿದ್ದೆವು. ಸರಿಯಾದರೆ ಪರದೆ ಹಸಿರು, ತಪ್ಪಿದರೆ ಕೆಂಪು.

ಆದರೆ ದಶಾಂಶದ ವಿಷಯದಲ್ಲಿ ಕಂಪ್ಯೂಟರ್ ಕೊಂಚ ಎಡವುತ್ತದೆ. 25.4ರಲ್ಲಿ 15.1 ಕಳೆ ಎಂದರೆ 10.3 ಎನ್ನದೆ 10.299999999999999 ಎನ್ನುತ್ತದೆ. ಎರಡೂ ಒಂದೇ ಏನು ಎಂದು ಕೇಳಿದರೆ ಅಲ್ಲ ಎಂದು ಹಟ ಹಿಡಿಯುತ್ತದೆ. ಅದಕ್ಕೇ ಇಷ್ಟು ವ್ಯತ್ಯಾಸ ಇದ್ದರೆ ಬಿಟ್ಟುಬಿಡು ಎಂದು ಪರೀಕ್ಷೆಯಲ್ಲೇ ಹೇಳಬೇಕು. ಕೂದಲೆಳೆಯಷ್ಟು ಹೇಳಿದರೆ ಸಾಕು. ಆ ಕೆಂಪು ಪರೀಕ್ಷೆಯಲ್ಲಿ ಹೊಸದಾಗಿ ಸೇರಿದ ಮಲ್ಲೇಶ್ 0.5 ಎಂದು ಬರೆದು ಹಸಿರು ಮಾಡಿದ್ದ. ಅಂದರೆ ಅರ್ಧ ಟನ್ನು!

ಅವನ ಮಾವನಿಗೆ ಕುರೆಕುಪ್ಪದಲ್ಲಿ ಅದೇ ಗಣಿಯ ಅದಿರು ಸಾಗಿಸುವ ಲಾರಿಗಳಿದ್ದವು. ನನಗೆ ಅಷ್ಟು ಸಾಕಾಯಿತು. ಆಫೀಸಿನ ಮಾಲೀಕರಾದ ಕಮಲಾಕರ ಸರ್ ಹತ್ತಿರ ನೇರವಾಗಿ ಹೋದೆ. ನನಗೆ ಕೆಲಸ ಕಲಿಸಿದವರು. ನಾನು ಎಂದೂ ಅನುಮಾನಿಸದ ಒಬ್ಬರೇ ಮನುಷ್ಯ.

"ಮಲ್ಲೇಶನ್ನ ಗಣಿಯವ್ರು ಕೊಂಡುಕೊಂಡಾರ್ರಿ ಸರ್," ಅಂದೆ.

"ಹಂಗಾದ್ರ ಸಂಜೀಗೆ ಮನಿಗೆ ಕಳಿಸಿಬಿಡೂಣು," ಅಂದರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನನ್ನ ಮಾತಿನ ಮೇಲೆ ಎಷ್ಟು ನಂಬಿಕೆ ಎಂದು ಉಬ್ಬಿಹೋದೆ.

ಮಲ್ಲೇಶನಿಗೆ ವಿಷಯ ಗೊತ್ತಾಗಿ ಓಡಿಬಂದ. "ಹಳೇ ಟೆಸ್ಟ್ ನೋಡಿ ಕಾಪಿ ಮಾಡೀನ್ರಿ ಮೇಡಂ. ಅದ್ರಾಗ ಹಂಗ ಇತ್ತು. ಈ ಕೆಲ್ಸ ಹೋದ್ರ ನಾ ತೋರಣಗಲ್ಲಿನಾಗ ಕಾಂಟ್ರಾಕ್ಟ್ ಕೂಲಿಗೆ ಹೋಗಬೇಕಾಕ್ಕತಿ."

ಸುಳ್ಳು ಹೇಳುತ್ತಿದ್ದಾನೆ, ಕೈಯಾರೆ ಹಿಡಿದುಕೊಡೋಣ ಎಂದೇ ಹಳೆಯ ಪರೀಕ್ಷೆ ತೆರೆದೆ. ಹೆಚ್ಚು ಭಾರ ತುಂಬಿದ ಲಾರಿಗಳ ಪರೀಕ್ಷೆ ಅದು. ಅಲ್ಲೂ 0.5 ಇತ್ತು. ಬರೆದವರು ಕಮಲಾಕರ ಸರ್.

ಸರ್‌ಗೂ ಕೈ ತಪ್ಪಿರಬಹುದು ಎಂದುಕೊಂಡು ಅದನ್ನು ಕೂದಲೆಳೆಯಷ್ಟಕ್ಕೆ ಇಳಿಸಿ ಓಡಿಸಿದೆ. ಪರದೆ ಕೆಂಪಾಯಿತು. 16.4 ಬರಬೇಕಾದಲ್ಲಿ ಬರೀ 16 ಬಂದಿತ್ತು. ಇದು ದಶಾಂಶದ ಎಡವಟ್ಟಲ್ಲ. ಲೆಕ್ಕ ಮಾಡುವ ಭಾಗವನ್ನೇ ತೆರೆದು ನೋಡಿದೆ. ಅದಿರು ಹದಿನಾರು ಟನ್ನಿನ ಮಿತಿ ಮೀರಿದರೆ ಸದ್ದಿಲ್ಲದೆ 0.4 ಕಳೆದುಬಿಡು ಎಂದು ಅಲ್ಲಿ ಸರ್ ಬರೆದಿಟ್ಟಿದ್ದರು. ಗಣಿಯವರು ಮಿತಿ ಮೀರಿ ತುಂಬಿದ್ದನ್ನು ಮುಚ್ಚುವ ಆ ಕಳವು ಕಾಣದಿರಲೆಂದೇ ಪರೀಕ್ಷೆಗೆ ಅರ್ಧ ಟನ್ನಿನ ರಿಯಾಯಿತಿ.

ಊರನ್ನೆಲ್ಲ ಅನುಮಾನಿಸಿ ಕಳ್ಳನೆದುರು ಚಾಡಿ ಹೇಳಿ ಬಂದಿದ್ದೆ! ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಮಲ್ಲೇಶನನ್ನು ಕರೆದು ನನ್ನ ಕುರ್ಚಿಯಲ್ಲೇ ಕೂರಿಸಿ ಒಂದೊಂದು ಸಾಲನ್ನೂ ತೋರಿಸಿದೆ.

ಸಂಜೆ ಸರ್ ನನ್ನ ಹಿಂದೆ ಬಂದು ನಿಂತರು. ಪರದೆ ಕೆಂಪಗೇ ಇತ್ತು. ಯಾಕೆ ಕೆಂಪಾಗಿದೆ ಎಂದು ಅವರು ಕೇಳಲಿಲ್ಲ.

"ಇದನ್ನ ಆ ಹುಡುಗ ನೋಡ್ಯಾನೇನು?" ಎಂದರು, ಮೆಲ್ಲಗೆ.

"ನೋಡ್ಯಾನ್ರಿ ಸರ್. ನಾನ ತೋರಿಸೀನಿ. ಈಗ ಯಾರನ್ನ ಮನಿಗೆ ಕಳಿಸ್ತೀರಿ, ಹೇಳ್ರಿ."