ಬೂಟು ಬಿಚ್ಚಿದ ಮೇಲೆ

ನೀರು ತಣ್ಣಗಿದೆ, ಕಾಲುವೆಯ ನೀರೇ ಇರಬೇಕು, ಸಂಕ್ರಾಂತಿಯ ಚಳಿಯಲ್ಲಿ ಬೆರಳ ಸಂದಿಗೆಲ್ಲ ಇಳಿಯುತ್ತಿದೆ, ಪಾದದ ಮೇಲೆ ಒಂದು ಹೆಬ್ಬೆರಳು, ಒರಟು, ಉಗುರಿನ ಅಂಚಿನಲ್ಲಿ ಅರಿಶಿನ — ಈ ಹೆಬ್ಬೆರಳು ನನಗೆ ಗೊತ್ತು. ಇಲ್ಲ, ಎಲ್ಲಿಂದ ಗೊತ್ತಿರಬೇಕು, ಭತ್ತದ ಸಸಿ ನೆಡುವ ಹೆಂಗಸರ ಹೆಬ್ಬೆರಳೆಲ್ಲ ಹೀಗೇ ಇರುತ್ತವೆ. ಆದರೆ ಬಗ್ಗಿದ ಈ ತಲೆ, ಈ ಬೈತಲೆ, ಎಡಕ್ಕೆ ಸರಿದಿದೆ — ಎತ್ತಿನ ಕೊಂಬು ತಾಗಿದ ಜಾಗದಲ್ಲಿ ಕೂದಲು ಬಾರದೆ ಬೈತಲೆಯನ್ನು ಎಡಕ್ಕೆ ತೆಗೆಯುತ್ತಿದ್ದವಳು ಒಬ್ಬಳೇ, ಅವ್ವ. ಅವ್ವ ನನ್ನ ಕಾಲು ತೊಳೆಯುತ್ತಿದ್ದಾಳೆ. ಎಳೆದುಕೋ ಶಿವಗಂಗಾ, ಕಾಲು ಎಳೆದುಕೋ, ಹೆತ್ತವಳ ಕೈ ಮಗಳ ಪಾದಕ್ಕೆ ತಾಗಬಾರದು, ಯಾವ ಜನ್ಮಕ್ಕೂ ತೊಳೆದುಹೋಗದ ಪಾಪ, ಆದರೆ ಕಾಲು ಮಾತು ಕೇಳುತ್ತಿಲ್ಲ, ಇಷ್ಟು ಹೊತ್ತು ಓಡಿ ಬಂದ ಕಾಲೇ ಇದು, ಈಗ ಬೆಂಚಿನ ಕೆಳಗೆ ಬೇರು ಬಿಟ್ಟು ಕೂತಿದೆ.

ಬರಬಾರದಿತ್ತು. ಎಲ್ಲ ಆರ್ಜೂ ಮಾಡಿದ್ದು, ಪುಣೆಯ ಆಸ್ಪತ್ರೆಯಲ್ಲಿ ನನ್ನ ಜೊತೆ ನರ್ಸ್ ಆಗಿರುವವಳು, ರಜಾ ಹಾಕು ಬೇ, ಸಿಂಧನೂರಿಗೆ ನಮ್ಮ ಮನೀಗೆ ಬಾ, ನಿನಗಂತ ಅಮ್ಮಿ ಹೊಸಾ ಪಾತೇಲಿ ತಂದಾಳ, ನಮ್ದು ಬ್ಯಾರೆ ನಿಂದು ಬ್ಯಾರೆ ಅಡಿಗಿ ಮಾಡ್ತಾಳ. ಬಂದೆ. ಮಸ್ಕಿಯ ಬೆಟ್ಟ ಹತ್ತಿದೆವು, ಮುದಗಲ್ಲಿನ ಕೋಟೆ ನೋಡಿ ಬರುವಾಗ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದು ನಾಲಿಗೆ ಸುಟ್ಟುಕೊಂಡೆವು, ಹುಟ್ಟಿದ ಸೀಮೆಯಲ್ಲೇ ಪ್ರವಾಸಿಯಾಗಿ ತಿರುಗುವ ಹುಚ್ಚಿ ನಾನೊಬ್ಬಳೇ ಇರಬೇಕು. ನನ್ನೂರು ಮುಕ್ಕುಂದದ ಹೆಸರನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಆಮೇಲೆ ಈ ಓಟ, ಊರಿನ ಮಂದೆಲ್ಲಾ ಓಡ್ತಾರ, ಡಾಕ್ಟ್ರು, ವಕೀಲ್ರು, ಕಿರಾಣಿ ಅಂಗಡಿ ಬಾಬುಸಾಬ್ ಕಾಕಾ ಸೈತ ಓಡ್ತಾನ, ನೀ ಏನ್ ಮುದುಕಿ ಏನು? ದಢೇಸುಗೂರಿನ ಕಡೆ ಕಾಲುವೆಯ ದಂಡೆಗುಂಟ ಹೋಗಿ ಬರುವುದು ಅಂದಿದ್ದರು. ಮುಂಜಾನೆ ಎಲ್ಲರಿಗೂ ಕಿತ್ತಳೆ ಬಣ್ಣದ ಅಂಗಿ ಹಂಚಿದ ಮೇಲೆ ಮೈಕಿನಲ್ಲಿ ಗಂಗಾಧರ ಎನ್ನುವವನು, ಓಟ ನಡೆಸುವವನು, ದಂಡಿ ಮ್ಯಾಲ ಕೆಸರಾಗೇತ್ರಿ, ಈ ಸಲ ಮುಕ್ಕುಂದದ ಊರಾಗಿಂದ ಹೋಗೂದು ಅಂದ. ಆಗಲೇ ಹಿಂದೆ ಸರಿಯಬಹುದಿತ್ತು. ಸರಿಯಲಿಲ್ಲ. ಟೋಪಿ ಇದೆ, ಕಪ್ಪು ಕನ್ನಡಕ ಇದೆ, ನಿಲ್ಲದೆ ಓಡಿ ದಾಟಿಬಿಡುತ್ತೇನೆ, ನಮ್ಮ ಮನೆಯ ಬಾಗಿಲಷ್ಟೇ ನೋಡುತ್ತೇನೆ, ಬಾಗಿಲಿಗೆ ಬಣ್ಣ ಹೊಡೆದಿದ್ದಾರೋ ಇಲ್ಲವೋ ಅಂತ, ಅಷ್ಟೇ — ಯಾರಿಗೆ ಸುಳ್ಳು ಹೇಳುತ್ತಿದ್ದೆ ನಾನು, ಅವ್ವನನ್ನು ನೋಡಬೇಕಿತ್ತು, ಜೀವ ಹೋಗುವಷ್ಟು ನೋಡಬೇಕಿತ್ತು.

ಓಡಿ ದಾಟುವುದು ಎಲ್ಲಿಯ ಮಾತು, ಊರ ಬಾಯಲ್ಲೇ ಬೆಂಚು, ಸಾಲು ಕೊಡ, ಸೆರಗು ಹೊದ್ದ ಹೆಂಗಸರು ದಾರಿಗಡ್ಡ ನಿಂತಿದ್ದರು. ಸಿಂಧನೂರಿಂದ ಮಂದಿ ಹಿಂಡುಗಟ್ಟಿ ಬರಾಕತ್ತಾರ, ಎಲ್ಲಾರದೂ ಒಂದ ಬಣ್ಣದ ಅರಿಬಿ ಅಂತ ಯಾರೋ ಹೇಳಿದ್ದಾರೆ, ಈ ಹೆಂಗಸರು ನಮ್ಮನ್ನು ಯುಗಾದಿಗೆ ಶ್ರೀಶೈಲದ ಮಲ್ಲಯ್ಯನಲ್ಲಿಗೆ ನಡೆದು ಹೋಗುವ ಯಾತ್ರೆಯವರೆಂದು ತಿಳಿದು ಕಾಲು ತೊಳೆಯಲು ನಿಂತಿದ್ದಾರೆ. ಗಂಗಾಧರ ಕೈ ಮುಗಿದು, ಅಲ್ರೀ ಎವ್ವಾ, ಯುಗಾದಿ ಇನ್ನಾ ದೂರ ಐತಿ, ನಾವು ಆರೋಗ್ಯಕ್ಕ ಓಡಾಕತ್ತೀವಿ ಅಂದರೆ ಒಬ್ಬ ಅಜ್ಜಿ ಗದರಿದಳು, ಮಲ್ಲಯ್ಯ ಕರದಾಗ ಹೋಗೂದಪ, ತಿಥಿ ಕೇಳ್ತಿಯೇನು, ಬೂಟ್ ಬಿಚ್ಚು. ಎಲ್ಲರೂ ನಕ್ಕು ಬಿಚ್ಚಿದರು. ಬಾಬುಸಾಬ್ ಕಾಕಾ ಸಂಕೋಚದಿಂದ, ನಾ ಸಾಬರಾಂವ ರೀ ಯಕ್ಕಾ ಅಂದ, ಕಾಲಿಗೆ ಜಾತಿ ಐತೇನೋ ತಮ್ಮಾ ಅಂದು ಅವನ ಪಾದಕ್ಕೂ ನೀರು ಹಾಕಿದರು. ಬಿಚ್ಚು ಬೇ, ಪಾಪ, ಎಷ್ಟು ಆಸೆಯಿಂದ ನಿಂತಾರ ಅಂತ ಆರ್ಜೂ ನನ್ನ ಲೇಸು ಎಳೆದೇಬಿಟ್ಟಳು. ಸಾಲಿನ ಆ ತುದಿಯಿಂದ ಯಾರೋ ಬಗ್ಗಿಕೊಂಡೇ ಸರಿಯುತ್ತ ಬರುತ್ತಿದ್ದಳು. ತಲೆ ಎತ್ತುತ್ತಲೇ ಇರಲಿಲ್ಲ.

ಎತ್ತುವುದಿಲ್ಲ ಅವಳು. ಪ್ರತಿ ವರ್ಷ ಯುಗಾದಿಯ ಮುಂದೆ ಯಾತ್ರೆಯವರ ಕಾಲು ತೊಳೆಯುವಾಗ ನಾನು ತಂಬಿಗೆ ಹಿಡಿದು ಪಕ್ಕದಲ್ಲಿರುತ್ತಿದ್ದೆ, ಪಾದ ನೋಡು ಗಂಗೀ, ಮುಖ ನೋಡಬ್ಯಾಡ, ಮುಖ ನೋಡಿದ್ರ ಇವ ಯಾರ ಮಗ, ಇವನ ಹೊಲ ಎಷ್ಟು ಅನ್ನೂ ಬುದ್ಧಿ ಬರ್ತೈತಿ ಅನ್ನುತ್ತಿದ್ದಳು. ಮುಖ ನೋಡುವುದಿಲ್ಲ ಎಂದು ಅವಳು ನನಗೂ ಹೇಳಿದಳು, ಆದರೆ ಆ ಮಾತು ಬೇರೆ. ತನ್ನ ತಮ್ಮ ಅಮರಗುಂಡಪ್ಪನಿಗೇ ನನ್ನನ್ನು ಕೊಡಬೇಕೆಂದು ತೊಟ್ಟಿಲಲ್ಲೇ ಮಾತಾಗಿತ್ತಂತೆ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಲುವೆ ತೋರಿಸಿದ ಮಾವ, ಅವನನ್ನು ಗಂಡ ಅನ್ನಲು ನಾಲಿಗೆ ಹೇಗೆ ಹೊರಳೀತು, ಮದುವೆಯ ಹಂದರ ಹಾಕಿದ ಮನೆಯಿಂದ ಓಡಿದೆ, ಇದೇ ದಾರಿ, ಆವತ್ತೂ ಓಟವೇ, ಬರಿಗಾಲಲ್ಲಿ, ಹಾಲಿನ ಗಾಡಿ ಸಿಗುವ ತನಕ. ಆಮೇಲೆ ಫೋನಿನಲ್ಲಿ ಅವಳ ದನಿ, ಇನ್ನ ನಿನ್ನ ಮುಖ ನೋಡಂಗಿಲ್ಲ, ಸತ್ತರೂ ನೋಡಂಗಿಲ್ಲ. ನಮ್ಮವ್ವ ಕಸ್ತೂರೆಮ್ಮ ಆಡಿದ ಮಾತು ತಪ್ಪುವವಳಲ್ಲ, ಊರಿಗೇ ಗೊತ್ತು.

ಬಲಗಾಲು ಆಯಿತು. ಈಗ ಎಡಗಾಲು. ಎಡಗಾಲಿನಲ್ಲಿ ಕಲೆ ಇದೆ! ಅಯ್ಯೋ, ಕಲೆ ಇದೆ — ಶೇಂಗಾ ಉಂಡೆಗೆ ಇಟ್ಟ ಬೆಲ್ಲದ ಪಾಕ ಚೆಲ್ಲಿ ಚರ್ಮ ಎದ್ದು ಬಂದಿತ್ತು, ಆಗ ಅವಳು ಕಾಲನ್ನು ಮಡಿಲಲ್ಲಿಟ್ಟುಕೊಂಡು ಬೆಣ್ಣೆ ಸವರುತ್ತಿದ್ದಳು, ಹೆಬ್ಬೆರಳಿನಿಂದ, ಸುತ್ತ ಸುತ್ತ. ಮುಚ್ಚಿಕೊಳ್ಳಲೇ, ಹೇಗೆ ಮುಚ್ಚಲಿ, ಎದ್ದು ಓಡಲೇ, ಮತ್ತೆ ಓಡಲೇ, ನೀರು ಬಿತ್ತು, ಹಿಮ್ಮಡಿ ತಿಕ್ಕಿದಳು, ಬೆರಳು ತಿಕ್ಕಿದಳು, ಹೆಬ್ಬೆರಳು ಮೇಲೆ ಸರಿದು ಕಲೆಗೆ ಬಂತು, ನಿಂತಿತು. ಕೊಡ ಹಿಡಿದವಳು ಪಕ್ಕದಿಂದ, ಯಾಕ ಕಸ್ತೂರೆಮ್ಮ, ಮುಂದಿನವ್ರು ಕಾಯಾಕತ್ತಾರ ಅನ್ನುತ್ತಿದ್ದಾಳೆ. ಆರ್ಜೂ ನನ್ನ ತೋಳು ಅಲುಗಿಸುತ್ತಿದ್ದಾಳೆ, ಏನಾತು ಬೇ? ಅವ್ವಾ ಅನ್ನು ಶಿವಗಂಗಾ, ಒಂದು ಸಲ ಅನ್ನು. ಎಡಕ್ಕೆ ಸರಿದ ಬೈತಲೆ ನೆಲ ನೋಡುತ್ತಲೇ ಇದೆ, ಕಾಲಿಗೆ ಮಾತ್ರ ಕೇಳುವ ಹಾಗೆ ಒಂದು ದನಿ, ಇನ್ನಾ ಉರಿತೈತೇನು — ಮುಖ ಎತ್ತಲಿಲ್ಲ, ಎತ್ತುತ್ತಿಲ್ಲ, ಹೆಬ್ಬೆರಳು ಕಲೆಯ ಮೇಲಿದೆ, ಸುತ್ತುತ್ತಿದೆ, ಹೆಬ್ಬೆರಳು, ಅರಿಶಿನದ ಉಗುರು, ಕಲೆಯ ಮೇಲೆ, ಸುತ್ತ, ಹೆಬ್ಬೆರಳು